ಸಂಘದ ಹಳೆಯ ಕಂಪ್ಯೂಟರ್: ಫಾರ್ಮ್ಯಾಟ್ ಮಾಡುವ ಮುನ್ನ ಡ್ರೈವರ್ ನೋಡಿ



ಈ ಪುಟದಲ್ಲಿ ನಾನು ಸಾಮಾನ್ಯವಾಗಿ ಕೆಚ್ಚಲು ಬಾವು, ಬೆದೆ ಲಕ್ಷಣ, ಖನಿಜ ಮಿಶ್ರಣಗಳ ಬಗ್ಗೆ ಬರೆಯುತ್ತೇನೆ. ಈ ಸಲದ ರೋಗಿ ಬೇರೆ. ನಿಮ್ಮ ಸಂಘದ ಮೂಲೆಯಲ್ಲಿ, ಹಾಲಿನ ಕ್ಯಾನುಗಳ ಪಕ್ಕದ ಮೇಜಿನ ಮೇಲೆ ಧೂಳು ಹೊತ್ತು ಕುಳಿತಿರುವ ಹಳೆಯ ಕಂಪ್ಯೂಟರ್. ನೀವು ಹಾಕಿದ ಹಾಲಿನ ತೂಕ, ಜಿಡ್ಡು, ಎಸ್.ಎನ್.ಎಫ್., ದರ ಎಲ್ಲವೂ ಅದರ ಹೊಟ್ಟೆಯಲ್ಲಿದೆ. ನಿಮ್ಮ ಬಟವಾಡೆಯೂ ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನವೂ ಅದೇ ಲೆಕ್ಕದ ಮೇಲೆ ನಿಂತಿವೆ.

ಹೋದ ಬೇಸಿಗೆಯಲ್ಲಿ ಹುನಗುಂದ ತಾಲ್ಲೂಕಿನ ಒಂದು ಸಂಘಕ್ಕೆ ಬರಡು ರಾಸುಗಳ ತಪಾಸಣೆಗೆಂದು ಹೋಗಿದ್ದೆ. ಕಾರ್ಯದರ್ಶಿಗಳು ಬಾಗಿಲಲ್ಲೇ ತಡೆದರು. "ಸಾಹೇಬ್ರ, ಮೊದಲ ಇದನ್ನ ನೋಡ್ರಿ. ನಿನ್ನೆ ಸಂಜೀಕ ಛಲೋ ಇತ್ತು, ಮುಂಜಾನೆ ಹಚ್ಚಿದ್ರ ನೀಲಿ ಪರದೆ ಬರಾಕತ್ತೈತಿ." ಪಟ್ಟಣದಿಂದ ಕರೆಸಿದ್ದ ಹುಡುಗ ಆಗಲೇ ವಿಂಡೋಸ್ ಸಿ.ಡಿ. ಹಾಕಿ ಕುಳಿತಿದ್ದ. "ವಿಂಡೋಸ್ ಹೋಗೇತ್ರಿ. ಫಾರ್ಮ್ಯಾಟ್ ಹೊಡದ್ರ ತಾಸಿನ್ಯಾಗ ಚಾಲೂ ಆಗ್ತೈತಿ" ಎಂದ. ಆ ಬಟವಾಡೆ ಅವಧಿಯ ಆರು ದಿನದ ಲೆಕ್ಕ ಒಕ್ಕೂಟಕ್ಕೆ ಇನ್ನೂ ಹೋಗಿರಲಿಲ್ಲ. ಬೇರೆಡೆ ನಕಲೂ ಇರಲಿಲ್ಲ. ಹಾಲು ಹಾಕಿ ನಿಂತಿದ್ದ ಎರಡು ಎಮ್ಮೆಯ ಒಡತಿಯೊಬ್ಬರು, "ಯಪ್ಪಾ, ನನ್ನ ಹಾಲಿನ ಲೆಕ್ಕ ಹೋತೇನು?" ಎಂದು ಕೇಳಿದರು. ಚೀಟಿ ಇದೆಯೇ ಎಂದರೆ, ಚೀಟಿಯಿಂದಲೇ ಒಲೆ ಹಚ್ಚಿದ್ದಾಗಿ ಹೇಳಿದರು!

ಬೀದರಿನ ಪಶುವೈದ್ಯಕೀಯ ಕಾಲೇಜಿನಲ್ಲಿ ಓದುವಾಗ ಹಾಸ್ಟೆಲಿನ ಹಳೆಯ ಕಂಪ್ಯೂಟರ್‌ಗಳನ್ನು ಬಿಚ್ಚಿ ಜೋಡಿಸುವ ಚಟ ನನಗಿತ್ತು. ಆ ಧೈರ್ಯದ ಮೇಲೆ ಸಿ.ಡಿ. ತೆಗೆಸಿದೆ. ಜ್ವರ ಎಂದ ಕೂಡಲೇ ಸೂಜಿ ಚುಚ್ಚುವುದಿಲ್ಲವಲ್ಲ, ಮೊದಲು ಲಕ್ಷಣ ನೋಡುತ್ತೇವೆ. ನೀಲಿ ಪರದೆಯ ಕೆಳಭಾಗದಲ್ಲಿ ಸೊನ್ನೆಗಳ ಸಾಲಿನ ಕೊನೆಗೆ "7ಬಿ" ಎಂದಿತ್ತು. ಅದರರ್ಥ, ವಿಂಡೋಸ್ ಎದ್ದಿದೆ, ಆದರೆ ತಾನು ಕುಳಿತಿರುವ ಡಿಸ್ಕನ್ನೇ ಅದಕ್ಕೆ ಮುಟ್ಟಲು ಆಗುತ್ತಿಲ್ಲ. ಡಿಸ್ಕ್ ಕೆಟ್ಟಿದ್ದರೂ ಹೀಗೆ ಆಗಬಹುದು. ಆದರೆ ರಾತ್ರಿ ಬೆಳಗಾಗುವುದರಲ್ಲಿ, ಟಕ್‌ಟಕ್ ಸದ್ದೂ ಇಲ್ಲದೆ ಹೀಗಾದರೆ ಮೊದಲ ಅನುಮಾನ ಡಿಸ್ಕಿನ ಮೇಲಲ್ಲ, ಅದರ ಕಂಟ್ರೋಲರ್ ಮೇಲೆ ಬರಬೇಕು.

ಕಂಟ್ರೋಲರ್ ಎಂದರೆ ಮದರ್‌ಬೋರ್ಡಿನ ಮೇಲಿರುವ ಚಿಪ್. ಹಾರ್ಡ್ ಡಿಸ್ಕಿಗೆ ಹೋಗುವ, ಬರುವ ಮಾಹಿತಿಯೆಲ್ಲ ಅದರ ಮೂಲಕವೇ. ಆ ಚಿಪ್ಪಿನ ಭಾಷೆಯನ್ನು ವಿಂಡೋಸಿಗೆ ತಿಳಿಸುವ ಸಣ್ಣ ತಂತ್ರಾಂಶವೇ ಡ್ರೈವರ್. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಕೊಂಡಿ ತಪ್ಪಿದರೆ ಒಡಲೂ ಚೆನ್ನ, ಸೆರಗೂ ಚೆನ್ನ, ಆದರೆ ಸೀರೆ ಮಾತ್ರ ಇಲ್ಲ. ಡ್ರೈವರ್ ಆ ಕೊಂಡಿ.

ಸುಮಾರು 2004ರ ನಂತರ ಬಂದ ಬಹಳಷ್ಟು ಮದರ್‌ಬೋರ್ಡುಗಳಲ್ಲಿ ಈ ಚಿಪ್ಪಿಗೆ ಎರಡು ನಡೆ. ಒಂದು ಹಳೆಯ ಐಡಿಇ, ಇನ್ನೊಂದು ಹೊಸ ಎಎಚ್‌ಸಿಐ. ಯಾವ ನಡೆ ಎಂಬುದನ್ನು ಬಯಾಸ್ ಎಂಬ ಮೂಲ ಸೆಟ್ಟಿಂಗ್ ಪುಟದಲ್ಲಿ ಆರಿಸುತ್ತಾರೆ. ಯಂತ್ರ ಹಚ್ಚಿದ ಕೂಡಲೇ ಡಿಲೀಟ್ ಅಥವಾ ಎಫ್2 ಕೀಲಿಯನ್ನು ಒತ್ತುತ್ತಾ ಇದ್ದರೆ ಆ ಪುಟ ತೆರೆಯುತ್ತದೆ (ಕೆಲವು ಕಂಪನಿಗಳದ್ದು ಎಫ್10). ಅಲ್ಲಿ "ಸಾಟಾ ಮೋಡ್" ಅಥವಾ "ಸಾಟಾ ಕಾನ್ಫಿಗರೇಷನ್" ಎಂಬ ಸಾಲಿರುತ್ತದೆ. ಐಡಿಇ ನಡೆಯಲ್ಲಿ ವಿಂಡೋಸ್ 7 ಹಾಕಿದ್ದರೆ, ಎಎಚ್‌ಸಿಐ ಡ್ರೈವರ್ ಅದರೊಳಗೇ ಇರುತ್ತದೆ, ಆದರೆ ಮಲಗಿರುತ್ತದೆ. ಯಾರಾದರೂ ಬಯಾಸಿನಲ್ಲಿ ನಡೆ ಬದಲಿಸಿದರೆ ಎದ್ದೇಳಬೇಕಾದ ಡ್ರೈವರ್ ಏಳುವುದಿಲ್ಲ, ನೀಲಿ ಪರದೆ ಬರುತ್ತದೆ.

ಹಾಗಾದರೆ ರಾತ್ರಿ ಯಾರು ಬದಲಿಸಿದರು? ಬಯಾಸ್ ತೆರೆದಾಗ ಉತ್ತರ ಅಲ್ಲೇ ಇತ್ತು. ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿತ್ತು! ಮದರ್‌ಬೋರ್ಡಿನ ಮೇಲೆ ರೂಪಾಯಿ ನಾಣ್ಯದಂತಹ ಒಂದು ಬಿಲ್ಲೆ ಬ್ಯಾಟರಿ ಇರುತ್ತದೆ, ಹೆಸರು ಸಿಆರ್ 2032, 3 ವೋಲ್ಟ್. ಕರೆಂಟ್ ಇರುವವರೆಗೆ ಗಡಿಯಾರ ಕರೆಂಟಿನಲ್ಲೇ ನಡೆಯುತ್ತದೆ. ಗೋಡೆಯ ಗುಂಡಿ ಆರಿಸಿದರೆ ಅಥವಾ ರಾತ್ರಿಯಿಡೀ ಕರೆಂಟ್ ಹೋದರೆ ಈ ಬಿಲ್ಲೆಯೇ ಗತಿ. ಅದು ಸತ್ತರೆ ಬಯಾಸ್ ತನ್ನ ಕಾರ್ಖಾನೆ ಸೆಟ್ಟಿಂಗಿಗೆ ಮರಳುತ್ತದೆ. ಈ ಬೋರ್ಡಿನ ಕಾರ್ಖಾನೆ ಸೆಟ್ಟಿಂಗ್ ಎಎಚ್‌ಸಿಐ, ವಿಂಡೋಸ್ ಹಾಕಿದ್ದು ಐಡಿಇಯಲ್ಲಿ. ಸಾಟಾ ಮೋಡನ್ನು ಐಡಿಇಗೆ ತಿರುಗಿಸಿ, ದಿನಾಂಕ ಸರಿಪಡಿಸಿ, ಎಫ್10 ಒತ್ತಿ ಉಳಿಸಿದೆವು. ಎರಡು ನಿಮಿಷದಲ್ಲಿ ಹಾಲಿನ ತಂತ್ರಾಂಶ ತೆರೆಯಿತು. ಆರು ದಿನದ ಲೆಕ್ಕ ಇದ್ದಂತೆಯೇ ಇತ್ತು. ಆ ಹುಡುಗ ನಾಚಿಕೊಂಡ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಫಾರ್ಮ್ಯಾಟ್ ಒಂದೇ ಅವನಿಗೆ ಕಲಿಸಿದ್ದ ಮದ್ದು.

ದಿನಾಂಕದ ಬಗ್ಗೆ ಒಂದು ಎಚ್ಚರಿಕೆ. ಬ್ಯಾಟರಿ ಸತ್ತಿದ್ದರೂ ಕೆಲವು ಯಂತ್ರಗಳು ಗೊಣಗದೆ ಎದ್ದುಬಿಡುತ್ತವೆ, ತಪ್ಪು ದಿನಾಂಕದೊಂದಿಗೆ. ಅದನ್ನು ನೋಡದೆ ಹಾಲು ತೂಗಿದರೆ ಅಂದಿನ ಹಾಲು ಹಳೆಯ ವರ್ಷದ ಲೆಕ್ಕಕ್ಕೆ ಜಮೆಯಾಗಿ ಬಟವಾಡೆ ಪಟ್ಟಿಯಿಂದ ಮಾಯವಾಗಬಹುದು. ಹಾಲು ಪರೀಕ್ಷಕರು ಮುಂಜಾನೆ ಮೊದಲು ನೋಡಬೇಕಾದದ್ದು ಪರದೆಯ ಮೂಲೆಯ ದಿನಾಂಕ.

ಈಗ ಡ್ರೈವರ್ ಹಾಕುವ ಕೆಲಸಕ್ಕೆ ಬರೋಣ. ಅದಕ್ಕೂ ಮೊದಲು ಹಾಲಿನ ತಂತ್ರಾಂಶದ ದತ್ತಾಂಶ ಇರುವ ಫೋಲ್ಡರನ್ನು ಎರಡು ಪೆನ್‌ಡ್ರೈವಿಗೆ ನಕಲು ಮಾಡಿ. ಒಂದು ಸಂಘದ ಬೀರುವಿನಲ್ಲಿ, ಇನ್ನೊಂದು ಕಾರ್ಯದರ್ಶಿಗಳ ಮನೆಯಲ್ಲಿ ಇರಲಿ. ಯಂತ್ರ ಏಳದೇ ಇದ್ದರೆ ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿ ನಕಲು ಮಾಡಬಹುದು. ಹೊಸದಾಗಿ ವಿಂಡೋಸ್ ಹಾಕಲೇಬೇಕಾಗಿ ಬಂದರೆ ಹಳೆಯ ಡಿಸ್ಕಿನ ಮೇಲೆ ಹಾಕಬೇಡಿ. ಬೇರೊಂದು ಡಿಸ್ಕ್ ಕೊಂಡು ಅದರ ಮೇಲೆ ಹಾಕಿ, ಹಳೆಯದನ್ನು ಚೀಟಿ ಅಂಟಿಸಿ ಎತ್ತಿಡಿ. ಇದರ ಖರ್ಚಿನ ಬಗ್ಗೆ ಆಡಳಿತ ಮಂಡಳಿಯಲ್ಲಿ ತಕರಾರು ಬಂದರೆ, ನನ್ನ ಅಭಿಪ್ರಾಯದಲ್ಲಿ ಆ ತಕರಾರು ಸರಿಯಲ್ಲ.

ಯಾವ ಡ್ರೈವರ್ ಬೇಕು ಎಂಬುದೇ ಎಲ್ಲರೂ ಎಡವುವ ಜಾಗ. ರಾಸುಗಳ ಕಿವಿಗೆ 12 ಅಂಕಿಯ ಓಲೆ ಹಾಕುತ್ತೇವಲ್ಲ, ಹಾಗೆ ಪ್ರತಿ ಚಿಪ್ಪಿಗೂ ಗುರುತಿನ ಸಂಖ್ಯೆ ಇದೆ. ಡಿವೈಸ್ ಮ್ಯಾನೇಜರ್ ತೆರೆದು, ಹಳದಿ ಗುರುತಿರುವ ಕಂಟ್ರೋಲರ್ ಮೇಲೆ ಬಲಗುಂಡಿ ಒತ್ತಿ, ಪ್ರಾಪರ್ಟೀಸ್, ಡೀಟೇಲ್ಸ್, ಹಾರ್ಡ್‌ವೇರ್ ಐಡಿ ಎಂದು ಹೋದರೆ "ವಿಇಎನ್" ಮುಂದೆ ನಾಲ್ಕು ಅಕ್ಷರ, "ಡಿಇವಿ" ಮುಂದೆ ನಾಲ್ಕು ಅಕ್ಷರ ಸಿಗುತ್ತವೆ. ಮೊದಲನೆಯದು ತಯಾರಕರದ್ದು: 8086 ಇದ್ದರೆ ಇಂಟೆಲ್, 1022 ಎಎಂಡಿ, 1106 ವಿಐಎ, 197ಬಿ ಜೆಮೈಕ್ರಾನ್. (8086 ಎಂಬುದು ಇಂಟೆಲ್ 1978ರಲ್ಲಿ ತಂದ ಪ್ರೊಸೆಸರಿನ ಹೆಸರು. ಮನೆತನದ ಹೆಸರನ್ನೇ ಕಿವಿಯೋಲೆಗೆ ಬರೆಸಿಕೊಂಡಿದ್ದಾರೆ.) ಎರಡನೆಯದು ಮಾದರಿಯದ್ದು. ಎರಡನ್ನೂ ಬರೆದುಕೊಂಡು ಮದರ್‌ಬೋರ್ಡ್ ಅಥವಾ ಕಂಪ್ಯೂಟರ್ ತಯಾರಿಸಿದ ಕಂಪನಿಯ ತಾಣದಿಂದಲೇ ಡ್ರೈವರ್ ಇಳಿಸಿಕೊಳ್ಳಿ. ವಿಂಡೋಸ್ 32 ಬಿಟ್ ಆಗಿದ್ದರೆ 32ರದ್ದು, 64 ಆಗಿದ್ದರೆ 64ರದ್ದು. ನಿಮ್ಮ ಡ್ರೈವರ್‌ಗಳನ್ನೆಲ್ಲ ಒಂದೇ ಗುಂಡಿಯಲ್ಲಿ ಸರಿಮಾಡುತ್ತೇವೆ ಎನ್ನುವ ಉಚಿತ ತಂತ್ರಾಂಶಗಳು ಸಂತೆಯಲ್ಲಿ ಮಾರುವ ಸರ್ವರೋಗ ಚೂರ್ಣದಂತೆ. ಹತ್ತಿರ ಬಿಟ್ಟುಕೊಳ್ಳಬೇಡಿ.

ಬಾದಾಮಿ ತಾಲ್ಲೂಕಿನ ಒಂದು ಸಂಘದಲ್ಲಿ ಹೊಸ ಡಿಸ್ಕಿಗೆ ವಿಂಡೋಸ್ ಹಾಕಲು ಹೋದಾಗ ಡಿಸ್ಕ್ ಪಟ್ಟಿಯೇ ಖಾಲಿ ಬಂತು. ಡಿಸ್ಕ್ ಕೆಟ್ಟಿದೆ ಎಂದು ಅಂಗಡಿಗೆ ವಾಪಸು ಹೊರಟಿದ್ದರು. ಅದೇ ಪರದೆಯಲ್ಲಿ "ಲೋಡ್ ಡ್ರೈವರ್" ಎಂಬ ಗುಂಡಿ ಇತ್ತು. ಬೇರೆ ಕಂಪ್ಯೂಟರಿನಲ್ಲಿ ಡ್ರೈವರ್ ಕಡತವನ್ನು ಬಿಚ್ಚಿ, ಐಎನ್ಎಫ್ ಕಡತ ಇರುವ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬಂದು ತೋರಿಸಿದರೆ ಡಿಸ್ಕ್ ಕಾಣಿಸಿತು. ಬಿಚ್ಚದ ಇಎಕ್ಸ್ಇ ಕಡತವನ್ನು ಈ ಹಂತದಲ್ಲಿ ವಿಂಡೋಸ್ ಓದುವುದಿಲ್ಲ.

ಇಳಕಲ್ ಕಡೆಯ ಒಂದೆರಡು ಸಂಘಗಳಲ್ಲಿ ಇನ್ನೂ ಎಕ್ಸ್‌ಪಿ ಇದೆ. 2001ರಲ್ಲಿ ಬಂದ ಅದರಲ್ಲಿ ಎಎಚ್‌ಸಿಐ ಡ್ರೈವರ್ ಇಲ್ಲವೇ ಇಲ್ಲ. ಹಾಕುವಾಗ ಎಫ್6 ಒತ್ತಿ ಫ್ಲಾಪಿಯಿಂದ ಕೊಡಬೇಕು. ಫ್ಲಾಪಿ ಹುಡುಕುತ್ತಾ ಬಾಗಲಕೋಟೆಯ ಅಂಗಡಿಗಳನ್ನೆಲ್ಲ ಸುತ್ತುವ ಬದಲು ಬಯಾಸಿನಲ್ಲಿ ಐಡಿಇ ಇಟ್ಟುಬಿಡಿ. ದಿನಕ್ಕೆರಡು ಹೊತ್ತು ಹಾಲಿನ ಲೆಕ್ಕ ಬರೆಯುವ ಹಾರ್ಡ್ ಡಿಸ್ಕಿಗೆ ಅಷ್ಟೇ ಸಾಕು. ಎಕ್ಸ್‌ಪಿಗೆ 2014ರ ಏಪ್ರಿಲ್‌ನಿಂದ, ವಿಂಡೋಸ್ 7ಕ್ಕೆ 2020ರ ಜನವರಿಯಿಂದ ಕಂಪನಿಯ ಸುರಕ್ಷತಾ ನೆರವು ನಿಂತಿದೆ. ಅಂತಹ ಯಂತ್ರಕ್ಕೆ ಮದುವೆ ವಿಡಿಯೋದ ಪೆನ್‌ಡ್ರೈವ್ ಚುಚ್ಚಬಾರದು.

ಹಳೆಯ ಯಂತ್ರಕ್ಕೆ ಎಸ್ಎಸ್‌ಡಿ ಹಾಕುತ್ತೀರಾದರೆ ಎಎಚ್‌ಸಿಐಗೆ ಬದಲಾಯಿಸುವುದು ಒಳ್ಳೆಯದು. ಆಗ ಬಯಾಸನ್ನು ಮೊದಲು ಮುಟ್ಟಬೇಡಿ. ವಿಂಡೋಸ್ 7ರಲ್ಲಾದರೆ ರಿಜಿಸ್ಟ್ರಿಯ ಸರ್ವೀಸಸ್ ವಿಭಾಗದಲ್ಲಿ "ಎಂಎಸ್ಎಎಚ್‌ಸಿಐ" ಎಂಬುದರ ಸ್ಟಾರ್ಟ್ ಬೆಲೆಯನ್ನು 0 ಮಾಡಿ, ಯಂತ್ರ ಆರಿಸಿ, ಆಮೇಲೆ ಬಯಾಸಿನಲ್ಲಿ ಬದಲಿಸಿ. ವಿಂಡೋಸ್ 10ರಲ್ಲಿ ಎಂಎಸ್ ಕಾನ್ಫಿಗ್ ತೆರೆದು ಬೂಟ್ ಪುಟದಲ್ಲಿ ಸೇಫ್ ಬೂಟ್‌ಗೆ ಗುರುತು ಹಾಕಿ, ಮರುಚಾಲನೆ ವೇಳೆ ಬಯಾಸಿನಲ್ಲಿ ನಡೆ ಬದಲಿಸಿ, ಸೇಫ್ ಮೋಡಿನಲ್ಲಿ ಒಮ್ಮೆ ಎದ್ದ ಮೇಲೆ ಆ ಗುರುತು ತೆಗೆಯಿರಿ. ಬಯಾಸಿನಲ್ಲಿ ಮೊದಲೇ "ರೇಡ್" ಎಂದಿದ್ದರೆ ಮಾತ್ರ ಏನನ್ನೂ ಬದಲಿಸದೆ ತಿಳಿದವರನ್ನು ಕರೆಯಿರಿ.

ಇಷ್ಟೆಲ್ಲ ತಾಪತ್ರಯ ಯಾಕೆ, ಹೊಸದನ್ನೇ ಕೊಳ್ಳಬಾರದೇ ಎಂದು ಕೇಳಬಹುದು. ಕೊಳ್ಳಬಹುದು. ಆದರೆ ಅನೇಕ ಸಂಘಗಳಲ್ಲಿ ತೂಕದ ಯಂತ್ರವೂ ಹಾಲು ಪರೀಕ್ಷೆಯ ಯಂತ್ರವೂ ಹಳೆಯ ಒಂಬತ್ತು ಪಿನ್ನಿನ ಸೀರಿಯಲ್ ಕೇಬಲ್ ಮೇಲೆ ನಡೆಯುತ್ತವೆ. ಹೊಸ ಕಂಪ್ಯೂಟರುಗಳ ಬೆನ್ನಲ್ಲಿ ಆ ಕಿಂಡಿ ಈಗ ಅಪರೂಪ. ಕೊಳ್ಳುವ ಮುನ್ನ ಅದನ್ನು ಕೇಳಿ.

ಉತ್ಪಾದಕರು ಮಾಡಬೇಕಾದದ್ದು ಸಣ್ಣದು. ಬಟವಾಡೆ ಆಗುವವರೆಗೆ ಚೀಟಿ ಇಟ್ಟುಕೊಳ್ಳಿ. ನಮ್ಮ ಲೆಕ್ಕದ ನಕಲು ಎಲ್ಲಿದೆ ಎಂದು ಸಂಘದ ಸಭೆಯಲ್ಲಿ ಕೇಳಿ. ಸಂಘದ ಮಾಲೀಕರು ನೀವೇ.

ಹುನಗುಂದದ ಆ ಸಂಘಕ್ಕೆ ಮರುವಾರ ಹೋದಾಗ ಕಾರ್ಯದರ್ಶಿಗಳು ಇಳಕಲ್ಲಿನ ಗಡಿಯಾರದ ಅಂಗಡಿಯಿಂದ ಹೊಸ ಬಿಲ್ಲೆ ತಂದಿಟ್ಟಿದ್ದರು. ಪ್ಲಗ್ ಕಿತ್ತು, ಡಬ್ಬದ ಕಬ್ಬಿಣ ಮುಟ್ಟಿ, ಕೂಡಿಸುವ ಗುರುತು ಮೇಲಕ್ಕೆ ಬರುವಂತೆ ಅದನ್ನು ಕೂರಿಸಿದೆವು. ಬಯಾಸಿಗೆ ಹೋಗಿ ದಿನಾಂಕವನ್ನೂ ಸಾಟಾ ಮೋಡನ್ನೂ ಮತ್ತೊಮ್ಮೆ ಹೊಂದಿಸಿ ಉಳಿಸಿದೆವು. ಎಮ್ಮೆಯ ಒಡತಿಯ ಬಟವಾಡೆ ಅಷ್ಟರಲ್ಲಿ ಆಗಿತ್ತು. ಸಿಪಿಯು ಡಬ್ಬದ ಪಕ್ಕಕ್ಕೆ ಕಾರ್ಯದರ್ಶಿಗಳು ಹಾಳೆಯೊಂದನ್ನು ಅಂಟಿಸಿದರು: "ಸಾಟಾ ಮೋಡ್ ಐಡಿಇ. ಬ್ಯಾಟರಿ ಸಿಆರ್ 2032." ಅದರ ಕೆಳಗೆ ಅಂದಿನ ದಿನಾಂಕ, ಅವರ ಸಹಿ.