ಮೈಕ್ರೋಕಂಟ್ರೋಲರಿಗೆ ಮನೆಯಲ್ಲಿಯೇ ಪ್ರೋಗ್ರಾಮರು
ಭದ್ರಾ ಜಲಾಶಯದ ಮಗ್ಗುಲಿನ ಲಕ್ಕವಳ್ಳಿಯಲ್ಲಿ, ಮಣ್ಣಿನ ತೇವವನ್ನರಿತು ತೋಟದ ಪಂಪನ್ನು ತಾನೇ ನಿಲ್ಲಿಸುವ ಸಾಧನವನ್ನು ಕಟ್ಟಲಿಚ್ಛಿಸುವ ರೈತಯುವಕರು, ಅದರ ಮೈಕ್ರೋಕಂಟ್ರೋಲರಿಗೆ ಪ್ರೋಗ್ರಾಮನ್ನು ತುಂಬುವ ಉಪಕರಣವನ್ನೂ ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಥಾಮಸ್ ಫಿಶಲ್ ಎಂಬವರು ಎಲ್ಲರಿಗೂ ತೆರೆದಿಟ್ಟಿರುವ ಯುಎಸ್‌ಬಿಎಎಸ್‌ಪಿ ನಕ್ಷೆಯು ಇದಕ್ಕೆ ತಕ್ಕುದು. ಎಟಿಮೆಗಾ8 ಚಿಪ್ಪು, 12 ಮೆಗಾಹರ್ಟ್ಸ್ ಕ್ರಿಸ್ಟಲ್, ಕೆಲವು ಬಿಡಿಭಾಗಗಳು ಸಾಕು. ಚಿಪ್ಪು 5 ವೋಲ್ಟಿನಿಂದ ನಡೆದರೂ ಯುಎಸ್‌ಬಿಯ ಸಂಕೇತತಂತಿಗಳಿಗೆ ಸುಮಾರು 3.3 ವೋಲ್ಟು ಮಾತ್ರ ಸಲ್ಲುವುದು. ಆದಕಾರಣ ಎರಡಕ್ಕೂ 68 ಓಮಿನ ರೆಸಿಸ್ಟರನ್ನೂ 3.6 ವೋಲ್ಟಿನ ಜೀನರ್ ಡಯೋಡನ್ನೂ ಜೋಡಿಸತಕ್ಕದ್ದು.

ನಿಜವಾದ ತೊಡಕು ಬೆಸುಗೆಯಲ್ಲಿಲ್ಲ. ಹೊಸ ಚಿಪ್ಪು ಬರಿದಾಗಿರುವುದರಿಂದ ಮೊದಲ ಸಲ ಅದಕ್ಕೇ ಮತ್ತೊಂದು ಪ್ರೋಗ್ರಾಮರು ಬೇಕು, ಹೆಪ್ಪಿಲ್ಲದೆ ಮೊಸರಾಗದಷ್ಟೆ! ಎರವಲು ತಂದ ಆರ್ಡುಯಿನೊ ಹಲಗೆಯೊಂದರಿಂದ ಈ ಕೆಲಸವಾಗುವುದು. ಆಗ ಫ್ಯೂಸ್ ಬಿಟ್ಟುಗಳನ್ನು ಹೊರಗಣ ಕ್ರಿಸ್ಟಲಿಗೆ ಸರಿಯಾಗಿ ಹೊಂದಿಸತಕ್ಕದ್ದು. ತಪ್ಪಿದರೆ ಚಿಪ್ಪು ಮೂಕವಾದೀತು. ಪಂಪಿನ ವಿದ್ಯುತ್ತನ್ನು ಕಳಚಿದ ಮೇಲೆಯೇ ತೋಟದ ಸಾಧನಕ್ಕೆ ಇದನ್ನು ತಗಲಿಸಬೇಕು.