ಹಿತ್ತಿಲಲ್ಲಿ ತಾನಾಗಿ ಹುಟ್ಟಿದ ಮರ: ಯಾವುದನ್ನು ಉಳಿಸುವುದು, ಯಾವುದನ್ನು ಕೀಳುವುದು?



ಮುಂಗಾರಿನ ಎರಡು ಹದ ಮಳೆ ಬಿದ್ದರೆ ಸಾಕು, ಹಿತ್ತಿಲಲ್ಲಿ ನಾವು ನೆಡದ ಗಿಡಗಳೆಲ್ಲ ತಲೆ ಎತ್ತುತ್ತವೆ. ಕಾಗೆ ಉದುರಿಸಿದ ಬೇವು, ಪಾತ್ರೆ ತೊಳೆಯುವ ಕಡೆ ಪರಂಗಿ, ತಿಪ್ಪೆಯ ಅಂಚಿನಲ್ಲಿ ಮಾವು, ಗೋಡೆಯ ಬಿರುಕಿನಲ್ಲಿ ಅರಳಿ. ಕೆಲವರು ಎಲ್ಲವನ್ನೂ ಸವರಿ ಹಿತ್ತಿಲನ್ನು ಬೋಳು ಮಾಡುತ್ತಾರೆ. ಇನ್ನು ಕೆಲವರು ‘ತಾನಾಗಿ ಬಂದದ್ದು, ಇರಲಿ ಬಿಡು’ ಎಂದು ಬಿಟ್ಟು, ಹತ್ತು ವರ್ಷದ ಮೇಲೆ ಗೋಡೆ ಬಿರಿದಾಗ ಮರ ಕಡಿಯುವವರನ್ನು ಹುಡುಕಿಕೊಂಡು ಅಲೆಯುತ್ತಾರೆ. ಗಿಡ ಮೊಣಕಾಲೆತ್ತರ ಇರುವಾಗಲೇ ತೀರ್ಮಾನ ಮಾಡಬೇಕು. ಆಗ ಅದು ಕೈಯಲ್ಲಿ ಆಗುವ ಕೆಲಸ. ಆಮೇಲೆ ಕೊಡಲಿಯ ಕೆಲಸ, ಇನ್ನೂ ತಡವಾದರೆ ಸಾಲದ ಕೆಲಸ.

ಹೀಗೆ ಹುಟ್ಟಿದ ಗಿಡಕ್ಕೆ ಒಂದು ದೊಡ್ಡ ಗುಣವಿದೆ. ನರ್ಸರಿಯ ಚೀಲದಲ್ಲಿ ಬಹಳ ದಿನ ಇದ್ದ ಗಿಡದ ತಾಯಿಬೇರು ಸುತ್ತಿಕೊಂಡಿರುತ್ತದೆ. ಬಿದ್ದಲ್ಲೇ ಮೊಳೆತ ಗಿಡದ ತಾಯಿಬೇರು ನೇರವಾಗಿ ಕೆಳಗಿಳಿಯುತ್ತದೆ. ಹೊಸೂರು, ತಳಿ, ಕೆಲಮಂಗಲದ ಕೆಂಪು ಮಣ್ಣಿನಲ್ಲಿ ಬೇಸಿಗೆಯನ್ನು ಅದು ಹೆಚ್ಚು ಆರೈಕೆಯಿಲ್ಲದೆ ತಡೆದುಕೊಳ್ಳುತ್ತದೆ. ಆದರೆ ಅದರ ಜಾಗ ಆರಿಸಿದ್ದು ಹಕ್ಕಿ. ಹಕ್ಕಿಗೆ ನಮ್ಮ ಮನೆಯ ಪಾಯದ ಚಿಂತೆ ಏನಿದೆ? ಆದ್ದರಿಂದ ಮೊದಲು ಜಾಗ ನೋಡಿ, ಜಾತಿ ಆಮೇಲೆ.

ನುಗ್ಗೆ, ಸೀಬೆ, ಕರಿಬೇವು ಗೋಡೆಯಿಂದ 8 ಅಡಿ ದೂರ ಇದ್ದರೆ ಸಾಕು. ಬೇವಿಗೂ ಹೊಂಗೆಗೂ 20 ಅಡಿ ಬೇಕು. ಹುಣಸೆ, ಹಲಸು, ಮಾವಿಗೆ 30 ಅಡಿಯಾದರೂ ಬಿಡಿ. ಇದು ನನ್ನ ಲೆಕ್ಕ, ಹೆಚ್ಚಾದರೆ ನಷ್ಟವಿಲ್ಲ. ಶೌಚಾಲಯದ ಗುಂಡಿ, ನೀರಿನ ಸಂಪು ಇರುವ ಕಡೆಗೂ ಬೇರು ಹೋಗುತ್ತದೆ, ಮರೆಯಬೇಡಿ. ತಲೆ ಎತ್ತಿಯೂ ನೋಡಿ. ಹಕ್ಕಿಗಳು ವಿದ್ಯುತ್ ತಂತಿಯ ಮೇಲೆ ಕುಳಿತು ಹಿಕ್ಕೆ ಹಾಕುವುದರಿಂದ ಬೇವು ಎಷ್ಟೋ ಸಲ ತಂತಿಯ ಕೆಳಗೇ ಸಾಲಾಗಿ ಹುಟ್ಟಿರುತ್ತದೆ.

ಜಾತಿ ಒಳ್ಳೆಯದು, ಜಾಗ ಸರಿಯಿಲ್ಲ ಎಂದಾದರೆ ಕಿತ್ತು ಎಸೆಯಬೇಕಿಲ್ಲ. ಕಾಂಡ ಪೆನ್ಸಿಲ್ ದಪ್ಪ ಇರುವಾಗ, ಮೋಡ ಕವಿದ ದಿನ ನೋಡಿ, ಹಿಂದಿನ ಸಂಜೆ ಚೆನ್ನಾಗಿ ನೀರುಣಿಸಿ. ಮರುದಿನ ಹಾರೆಯಿಂದ ಒಂದೂವರೆ ಅಡಿ ಆಳ ಅಗೆದು ಮಣ್ಣಿನ ಹೆಂಟೆಯ ಸಮೇತ ಎತ್ತಿ, ಅರ್ಧದಷ್ಟು ಎಲೆ ಸವರಿ, ಅಂದೇ ನೆಟ್ಟುಬಿಡಿ.

ಆಲ, ಅರಳಿ, ಗೋಣಿ, ಅತ್ತಿ ಈ ನಾಲ್ಕಕ್ಕೂ ಚಿಕ್ಕ ಹಿತ್ತಿಲು ತಕ್ಕ ಸ್ಥಳವಲ್ಲ. ಗೋಡೆಯಲ್ಲಿ, ಹೆಂಚಿನ ಸಂದಿನಲ್ಲಿ ಎರಡೆಲೆ ಕಂಡ ಕೂಡಲೇ ಬೇರುಸಹಿತ ಎಳೆದು ಬಿರುಕಿಗೆ ಸಿಮೆಂಟ್ ತುಂಬಿ. ಮೇಲೆ ಮಾತ್ರ ಕತ್ತರಿಸಿದರೆ ಮತ್ತೆ ಚಿಗುರುತ್ತದೆ, ಬೇರು ಒಳಗೆ ದಪ್ಪವಾಗುತ್ತಲೇ ಇರುತ್ತದೆ. ಸಂತ ಲೂಕನ ಶುಭಸಂದೇಶದ 13ನೆಯ ಅಧ್ಯಾಯದಲ್ಲಿ ತೋಟಗಾರನು ಅಂಜೂರದ ಮರಕ್ಕಾಗಿ ಒಂದು ವರ್ಷದ ಗಡುವು ಬೇಡಿದನು. ಗೋಡೆಯ ಅರಳಿಗೆ ಒಂದು ವಾರವೂ ಬೇಡ! ಆದರೆ ಅರಳಿ ನಮ್ಮ ಹಿಂದೂ ನೆರೆಯವರಿಗೆ ಪೂಜ್ಯವಾದುದು. ಸಸಿಯಾಗಿರುವಾಗಲೇ ತೆಗೆದು ಊರ ಹೊರಗಿನ ಬಯಲಿನಲ್ಲಿ ನೆಟ್ಟರೆ ಯಾರ ಮನಸ್ಸೂ ನೋಯದು.

ಇನ್ನು ಮಾವು. ಕೃಷ್ಣಗಿರಿ ಸೀಮೆಯ ಬೆಂಗಳೂರಾ, ಅಂದರೆ ತೋತಾಪುರಿಯ ಓಟೆಯಿಂದ ಹುಟ್ಟಿದ ಗಿಡ ತಾಯಿಯಂಥದೇ ಹಣ್ಣು ಕೊಡುತ್ತದೆಂಬ ಭರವಸೆಯಿಲ್ಲ, ಫಲಕ್ಕೂ ಬಹಳ ವರ್ಷ ಕಾಯಬೇಕು. ಹಾಗೆಂದು ಕೀಳಬೇಡಿ. ಜಾಗ ಸರಿಯಿದ್ದರೆ ಅಲ್ಲಿಯೇ ಒಳ್ಳೆಯ ಜಾತಿಯ ಕಸಿ ಕಟ್ಟಿಸಿ. ಸಂತೂರು ಕಡೆಯ ಮಾವಿನ ನರ್ಸರಿಗಳಲ್ಲಿ ಕಸಿ ಕಟ್ಟುವವರು ಸಿಗುತ್ತಾರೆ. ಗಟ್ಟಿ ತಾಯಿಬೇರಿನ ಕಸಿಮರ ಕಡಿಮೆ ಖರ್ಚಿನಲ್ಲಿ ನಿಮ್ಮದಾಗುತ್ತದೆ. ಪರಂಗಿಯದು ಸುಲಭದ ಮಾತು: ಮೂರು ನಾಲ್ಕು ಗಿಡ ಬಿಟ್ಟು, ಹೂ ಬಂದ ಮೇಲೆ ಉದ್ದನೆಯ ಜೋಲು ತೊಟ್ಟಿನಲ್ಲಿ ಗೊಂಚಲು ಹೂ ಬಿಡುವ ಗಂಡು ಗಿಡಗಳಲ್ಲಿ ಒಂದನ್ನುಳಿಸಿ ಮಿಕ್ಕವನ್ನು ತೆಗೆಯಿರಿ.

ದೇಂಕಣಿಕೋಟೆ, ಅಂಚೆಟ್ಟಿ ಕಡೆಯವರು ಬೇಲಿ ಸವರುವ ಮುನ್ನ ಒಮ್ಮೆ ಬಗ್ಗಿ ನೋಡಬೇಕು. ಹಕ್ಕಿ ತಂದ ಶ್ರೀಗಂಧ ಅಲ್ಲಿರಬಹುದು. ಎದುರುಬದುರು ಜೋಡಿ ಎಲೆ, ತೆಳು ಕೊಂಬೆ, ಹಣ್ಣಾದಾಗ ಕಪ್ಪಗಾಗುವ ಚಿಕ್ಕ ಕಾಯಿ ಅದರ ಗುರುತು. ಗಂಧವು ತನ್ನ ಬೇರನ್ನು ಪಕ್ಕದ ಗಿಡಗಳ ಬೇರಿಗೆ ತಗುಲಿಸಿ ಆಹಾರ ಹೀರುತ್ತದೆ. ಆದ್ದರಿಂದ ಸುತ್ತಲಿನ ಹೊಂಗೆ, ತೊಗರಿಯನ್ನು ಸವರಿ ಗಂಧವೊಂದನ್ನೇ ಉಳಿಸಿದರೆ ಅದು ಸೊರಗುತ್ತದೆ. ಕಿತ್ತು ಬೇರೆಡೆ ನೆಡುವುದೂ ಕಷ್ಟ. ಬೇಲಿಯಲ್ಲೇ ಇರಲಿ. ಪಟ್ಟಾ ಜಮೀನಿನ ಗಂಧದ ಮರಗಳಿಗೆ ತಮಿಳುನಾಡಿನಲ್ಲಿ 2008ರ ನಿಯಮಗಳಿವೆ; ನಮ್ಮ ನೆಲದಲ್ಲಿದ್ದರೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಗಿಡ ಬೆಳೆಯುತ್ತಿದ್ದಂತೆ ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ ಅಡಂಗಲ್‌ನಲ್ಲಿ ಬರೆಸಿಡಿ. ಊರೆಲ್ಲ ಹೇಳಿಕೊಂಡು ತಿರುಗಬೇಡಿ, ಗಂಧಕ್ಕೆ ಕಳ್ಳರ ಕಾಟವಿದೆ.

ದಯೆ ತೋರಬಾರದ ಗಿಡ ಬಳ್ಳಾರಿ ಜಾಲಿ, ತಮಿಳಿನ ಸೀಮೈ ಕರುವೇಲಂ. ಆಡು ಕಾಯಿ ತಿಂದು ಹಾಕಿದ ಹಿಕ್ಕೆಯಿಂದ ಕೊಟ್ಟಿಗೆಯ ಹತ್ತಿರವೇ ಹುಟ್ಟುತ್ತದೆ. ಮುಳ್ಳು ಚುಚ್ಚಿದರೆ ಕೀವಾಗುತ್ತದೆ; ಹೂವಿನ ಪುಡಿಯಿಂದ ಕೆಲವರಿಗೆ ಉಬ್ಬಸ ಕೆರಳುತ್ತದೆ. ಬುಡದ ಗಂಟು ಉಳಿದರೆ ಮತ್ತೆ ಚಿಗುರುವುದರಿಂದ ನೆಲದ ಕೆಳಗೆ ಒಂದು ಅಡಿ ಅಗೆದು ಕತ್ತರಿಸಬೇಕು. ನಮ್ಮ ನಾಡಿನ ಕರಿಜಾಲಿಯನ್ನು ಅದೆಂದು ತಿಳಿದು ಕಡಿಯಬೇಡಿ. ಕರಿಜಾಲಿಯ ಹೂ ಹಳದಿ ಉಂಡೆ, ಬಳ್ಳಾರಿ ಜಾಲಿಯದು ಬೆರಳುದ್ದದ ತೆನೆ. ಸುಬಾಬುಲ್ ಒಂದೆರಡು ಇರಲಿ, ಆಡಿಗೆ ಸೊಪ್ಪಾಗುತ್ತದೆ. ಆದರೆ ಮೇವಿನಲ್ಲಿ ಅದರ ಪಾಲು ಮೂರರಲ್ಲಿ ಒಂದಕ್ಕಿಂತ ಕಡಿಮೆ ಇರಬೇಕು, ಕಾಯಿ ಬಲಿಯುವ ಮುಂಚೆ ಸವರುತ್ತಿರಬೇಕು. ಇಲ್ಲವಾದರೆ ಬರುವ ವರ್ಷ ಹಿತ್ತಿಲೆಲ್ಲ ಅದೇ.

ನುಗ್ಗೆ ಇಟ್ಟುಕೊಳ್ಳಿ, ಅದರ ಸೊಪ್ಪು ಮನೆಮಂದಿಗೆಲ್ಲ ಒಳ್ಳೆಯದು. ಆದರೆ ಮಕ್ಕಳು ಮಲಗುವ ಕೋಣೆಯ ಕಿಟಕಿಗೆ ತಾಗಿ ಬೇಡ. ಮಳೆಗಾಲದಲ್ಲಿ ಕಾಂಡಕ್ಕೆ ಕಂಬಳಿಹುಳ ಮುತ್ತುತ್ತದೆ, ಕೊಂಬೆಯೂ ಬಲು ಪೆಡಸು.

ಚಿಕ್ಕ ಮಕ್ಕಳಿರುವ ಮನೆಯವರು ಹರಳು, ಕಾಡುಹರಳು, ಹಳದಿ ಕಣಗಿಲೆ ಈ ಮೂರನ್ನೂ ಇಂದೇ ಕಿತ್ತುಬಿಡಿ. ಕಾಡುಹರಳಿನ ಬೀಜ ರುಚಿಯಾಗಿರುವುದರಿಂದ ಮಕ್ಕಳು ಕಡಲೆಕಾಯಿಯಂತೆ ಒಡೆದು ತಿನ್ನುತ್ತಾರೆ, ವಾಂತಿಭೇದಿಯಿಂದ ಬಳಲುತ್ತಾರೆ. ಹಳದಿ ಕಣಗಿಲೆಯ ಬೀಜ ಹೃದಯದ ಬಡಿತವನ್ನೇ ಕೆಡಿಸಿ ಪ್ರಾಣ ತೆಗೆಯಬಲ್ಲದು. ಮಗು ತಿಂದದ್ದು ಗೊತ್ತಾದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುತ್ತ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಅಥವಾ ಸಿಕ್ಕ ವಾಹನದಲ್ಲಿ ಸರ್ಕಾರಿ ಆಸ್ಪತ್ರೆಗೆ ಹೊರಡಿ. ಅದೇ ಗಿಡದ ಒಂದು ಕಾಯಿಯನ್ನೂ ಎಲೆಯನ್ನೂ ಜೊತೆಗೆ ಒಯ್ದು ಡಾಕ್ಟರಿಗೆ ತೋರಿಸಿ.