ಕಂಪ್ಯೂಟರಿನೊಳಗೊಂದು ಗೆಲಾಕ್ಸಿ

ಕಾರ್ತಿಕ ಮಾಸದ ಅಮಾವಾಸ್ಯೆಯ ಸುಮಾರಿಗೆ, ರಾತ್ರಿ 8 ಗಂಟೆಗೆ ಹೊರಗೆ ಬಂದು ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ ನೋಡಿ. (ಹನೂರು, ಯಳಂದೂರಿನ ಕಾಡಂಚಿನ ಮಕ್ಕಳೇ, ಆನೆ ಓಡಾಡುವ ಕಡೆ ಹೋಗಬೇಡಿ, ಹಿರಿಯರ ಜೊತೆ ಮನೆಯಂಗಳದಲ್ಲಿ ನಿಂತರೆ ಸಾಕು.) ಮಸುಕಾದ ಬೆಳಕಿನ ಮಚ್ಚೆಯೊಂದು ಕಂಡೀತು. ಅದು ಆಂಡ್ರೊಮಿಡಾ ಗೆಲಾಕ್ಸಿ. ಅಲ್ಲಿಂದ ಬೆಳಕು ನಮ್ಮನ್ನು ತಲುಪಲು ಸುಮಾರು 25 ಲಕ್ಷ ವರ್ಷ ಬೇಕು.

ಕೋಟ್ಯಂತರ ನಕ್ಷತ್ರ, ಅನಿಲ, ದೂಳು, ಕಣ್ಣಿಗೆ ಕಾಣದ ಕಪ್ಪು ದ್ರವ್ಯ ಇವೆಲ್ಲ ಗುರುತ್ವದಿಂದ ಒಟ್ಟಾಗಿರುವ ಕೂಟವೇ ಗೆಲಾಕ್ಸಿ. ಕೆಲವು ಸುರುಳಿಯಾಗಿವೆ, ಕೆಲವು ಮೊಟ್ಟೆಯಂತಿವೆ, ಕೆಲವಕ್ಕೆ ಗೊತ್ತಾದ ಆಕಾರವೇ ಇಲ್ಲ. ಏಕೆ ಹೀಗೆ? ಕೊಳ್ಳೇಗಾಲದ ಕಡೆ ರೇಷ್ಮೆಹುಳು ಗೂಡು ಕಟ್ಟುವುದನ್ನು ಎರಡು ಮೂರು ದಿನದಲ್ಲಿ ನೋಡಿ ಮುಗಿಸಬಹುದು. ಗೆಲಾಕ್ಸಿಯನ್ನು ಹಾಗೆ ನೋಡಲಾಗದು. ನಮ್ಮ ಸೂರ್ಯ ಆಕಾಶಗಂಗೆಯನ್ನು ಒಂದು ಸುತ್ತು ಬರಲು 20 ಕೋಟಿ ವರ್ಷಕ್ಕೂ ಹೆಚ್ಚು ಕಾಲ ಬೇಕು!

1941ರಲ್ಲಿ ಸ್ವೀಡನ್ನಿನ ಎರಿಕ್ ಹೋಲ್ಮ್‌ಬರ್ಗ್ ಒಂದು ಜಾಣ ಉಪಾಯ ಮಾಡಿದರು. ದೀಪದಿಂದ ಎರಡರಷ್ಟು ದೂರ ಹೋದರೆ ಬೆಳಕು ನಾಲ್ಕನೇ ಒಂದು ಭಾಗಕ್ಕಿಳಿಯುತ್ತದೆ. ಗುರುತ್ವವೂ ಹಾಗೆಯೇ. ಆದ್ದರಿಂದ ಅವರು ಮೇಜಿನ ಮೇಲೆ 37 ಬಲ್ಬುಗಳ ಎರಡು 'ಗೆಲಾಕ್ಸಿ' ಜೋಡಿಸಿದರು. ಪ್ರತಿ ಬಲ್ಬಿನ ಜಾಗದಲ್ಲಿ ಬೀಳುವ ಬೆಳಕನ್ನು ಫೋಟೋಸೆಲ್‌ನಿಂದ ಅಳೆದರು. ಅದನ್ನೇ ಸೆಳೆತವೆಂದು ಭಾವಿಸಿ ಬಲ್ಬನ್ನು ಅಷ್ಟಷ್ಟೇ ಸರಿಸಿದರು. ಮತ್ತೆ ಅಳೆತ, ಮತ್ತೆ ಸರಿಸುವಿಕೆ. ಎಂಥ ತಾಳ್ಮೆ! ಎರಡು ಗುಂಪುಗಳು ಹತ್ತಿರ ಬಂದಾಗ ಸುರುಳಿಯಂಥ ತೋಳುಗಳು ಮೂಡಿದವು.

ಇಂದು ಕಂಪ್ಯೂಟರ್ ಮಾಡುವುದೂ ಇದನ್ನೇ. ಇದಕ್ಕೆ ಸಿಮ್ಯುಲೇಶನ್ ಎನ್ನುತ್ತಾರೆ. ಬಲ್ಬಿನ ಬದಲು ಇಲ್ಲಿ ಲೆಕ್ಕದ ಕಣಗಳಿರುತ್ತವೆ. 2005ರ 'ಮಿಲೇನಿಯಂ' ಸಿಮ್ಯುಲೇಶನ್ನಿನಲ್ಲಿ 1,000 ಕೋಟಿಗೂ ಹೆಚ್ಚು ಕಣಗಳಿದ್ದವು. ಆದರೆ ಒಂದೊಂದು ಕಣವೂ ಸುಮಾರು ನೂರು ಕೋಟಿ ಸೂರ್ಯರಷ್ಟು ಭಾರ. ಹಾಗಾಗಿ ಒಂದೇ ನಕ್ಷತ್ರದ ಕಥೆಯನ್ನು ಅದರಲ್ಲಿ ಹುಡುಕುವಂತಿಲ್ಲ.

ಸಿಮ್ಯುಲೇಶನ್ನಿನ ನಿಜವಾದ ಉಪಯೋಗ ಊಹೆಗಳನ್ನು ಪರೀಕ್ಷಿಸುವುದರಲ್ಲಿದೆ. ಅನೇಕ ಸುರುಳಿ ಗೆಲಾಕ್ಸಿಗಳು ಒಂದು ಪಕ್ಕಕ್ಕೆ ಹೆಚ್ಚು ಚಾಚಿಕೊಂಡಿರುತ್ತವೆ, ಕೈತಪ್ಪಿ ವಾರೆಯಾದ ರೊಟ್ಟಿಯ ಹಾಗೆ. ಇಂಥವನ್ನು ಬಹುಕಾಲ ಅಧ್ಯಯನ ಮಾಡಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಚಂದಾ ಜೋಗ್ ಒಬ್ಬರು. ಪಕ್ಕದ ಗೆಲಾಕ್ಸಿ ಎಳೆದದ್ದರಿಂದ ಹೀಗಾಗಿರಬಹುದೇ? ಅವರೂ ಫ್ರಾನ್ಸ್, ಮೆಕ್ಸಿಕೊಗಳ ಸಂಗಡಿಗರೂ 149 ಗೆಲಾಕ್ಸಿಗಳನ್ನು ಪರಿಶೀಲಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ನೆರೆಯ ಸೆಳೆತಕ್ಕೂ ವಾರೆಗೂ ನೇರ ಸಂಬಂಧ ಕಾಣಲಿಲ್ಲ. ಕಂಪ್ಯೂಟರಿನಲ್ಲಿ ಒಂದೊಂದೇ ಕಾರಣವನ್ನು ಹಾಕಿ ನೋಡಿದರು. ನೆರೆಯ ಸೆಳೆತವೊಂದರಿಂದಲೇ ಲೆಕ್ಕ ಸರಿಹೋಗಲಿಲ್ಲ. ಹೊರಗಿನ ಆಕಾಶದಿಂದ ಅನಿಲವು ಒಂದೇ ಪಕ್ಕಕ್ಕೆ ಹೆಚ್ಚಾಗಿ ಬಂದು ಬೀಳುತ್ತಿದೆ ಎಂದಾಗ, ನಿಜವಾದ ಗೆಲಾಕ್ಸಿಗಳಲ್ಲಿ ಕಾಣುವಂಥದೇ ವಾರೆ ಮೂಡಿತು. ಅಂದರೆ ಈ ಗೆಲಾಕ್ಸಿಗಳು ಇನ್ನೂ ಬೆಳೆಯುತ್ತಲೇ ಇವೆ.